ಮಡಿಸಿಟ್ಟ ಹಳೆಯ ಓಲೆಗಳು



ಭಾರತದಾದ್ಯಂತ ಅಂಚೆಚೀಟಿ ಬಳಕೆಗೆ ಬಂದುದು 1854ರಲ್ಲಿ. ಅದಕ್ಕೆ ಮುನ್ನ ಪತ್ರದ ಹಾಳೆಯನ್ನೇ ಮಡಿಸಿ, ಅರಗು ಮೆತ್ತಿ, ಹೊರಬದಿಯಲ್ಲಿ ವಿಳಾಸ ಬರೆಯುವುದೇ ಹೆಚ್ಚಿನ ರೂಢಿ. ಸಂಗ್ರಾಹಕರು ಹೊರಗಿನ ಮುದ್ರೆಗೆ ಬೆಲೆ ಕಟ್ಟುತ್ತಾರೆ. ಒಳಗಿನ ಮಾತನ್ನು ಓದುವವರು ವಿರಳ.

1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಸೂರೆಗೈದ ಬಳಿಕ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿದ ಪತ್ರಗಳು ಬೆಳಕಿಗೆ ಬಂದುದು 1916ರಲ್ಲಿ, ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಂದ. ನೂರಿಪ್ಪತ್ತೈದು ವರುಷ ಅವು ಮಠದಲ್ಲೇ ಇದ್ದವು!

ಧಾರವಾಡ, ಬೆಳಗಾವಿ, ವಿಜಾಪುರಗಳಿಂದ ಬಂದ ನಮ್ಮ ಮನೆಗಳ ಹಳೆಯ ಕಾಗದಗಳು ಎಷ್ಟೋ ಮೋಡಿ ಲಿಪಿಯಲ್ಲಿವೆ. 'ಮರಾಠಿ ಕಾಗದ, ನಮಗೇಕೆ?' ಎಂದು ರದ್ದಿಗೆ ಹಾಕುತ್ತೇವೆ. ಎರಡು ಕೋಣೆಯ ಮನೆಯಲ್ಲಿ ಅಜ್ಜನ ಟ್ರಂಕಿಗೆ ಎಡೆಯಿಲ್ಲ, ನಿಜ. ಆದರೆ ಮೋಡಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವೂ ಇಲ್ಲ. ಮರಾಠಿ ಪಂಡಿತರು ಕನ್ನಡದ ಊರು, ಹೊಲ, ಮನೆತನಗಳ ಹೆಸರು ಬಂದೆಡೆ ಎಡವುವುದು ಸಹಜ. ಆ ಹೆಸರುಗಳನ್ನು ಬಲ್ಲವರು ನಾವು. ಮೋಡಿ ಕಲಿಸುವ ವರ್ಗಗಳು ಮಹಾರಾಷ್ಟ್ರದಲ್ಲಿ ಈಗಲೂ ನಡೆಯುತ್ತಿವೆ. ನಮ್ಮ ತರುಣರು ಅಲ್ಲಿ ಕೂಡಬೇಕು. ಮೊದಲು ತಿಥಿ, ಮಾಸಗಳನ್ನು ಹಿಡಿಯಿರಿ. ಪರಿಚಿತ ಪದಗಳಿಂದ ಅಕ್ಷರದ ತಿರುವು ತಿಳಿಯುತ್ತದೆ. ಹರಿದ ಮಡಿಕೆಗೆ ಮಾತ್ರ ದಯವಿಟ್ಟು ಅಂಟುಪಟ್ಟಿ ಹಚ್ಚಬೇಡಿ.