ಗೋಡೆಯ ಬಿರುಕಿನಿಂದ ಮಾತು ಕಲಿತವನು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ "ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡಪ್ಪ, ಮಕ್ಕಳಿಗೆ ಉಪಯೋಗ ಆಗುತ್ತೆ" ಅಂದಿದ್ದರು. ನಾನೂ ಹೂಂ ಅಂದಿದ್ದೆ. ಆದರೆ ಬರೆಯಲು ಕೂತಾಗ ಈ ಶಾಲೆಯ ನೆನಪಿನ ಜೊತೆ ಬಂದದ್ದು ಕಂಪ್ಯೂಟರ್ ಅಲ್ಲ. ನಮ್ಮ ಕಾಲದಲ್ಲಿ ಇಲ್ಲಿ ಕಂಪ್ಯೂಟರ್ ಇತ್ತು ನಿಜ, ಅದಕ್ಕೆ ಹೊದಿಸಿದ್ದ ಬಟ್ಟೆಯನ್ನು ಮಾತ್ರ ನಾವು ನೋಡಿದ್ದು! ಬಂದದ್ದು ಒಂದು ಹಳೆಯ ಇಂಗ್ಲಿಷ್ ಕಾದಂಬರಿ. ಹಾಗಾಗಿ ಒಪ್ಪಿಕೊಂಡ ವಿಷಯ ಬಿಟ್ಟು ಬೇರೆ ಮಾತಾಡುತ್ತಿದ್ದೇನೆ, ಸಮಿತಿಯವರು ಕ್ಷಮಿಸಬೇಕು.

ಆಗ ನಮ್ಮ ಗ್ರಂಥಾಲಯ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಒಂದು ಹಸಿರು ಬೀರು. ಬೀಗದ ಕೈ ಇಂಗ್ಲಿಷ್ ಮೇಷ್ಟ್ರ ಹತ್ತಿರ. ಹತ್ತನೇ ತರಗತಿಯಲ್ಲಿದ್ದಾಗ ಒಂದು ಶನಿವಾರ, ಬೆಳಗಿನ ಕ್ಲಾಸು ಬಿಟ್ಟ ಮೇಲೆ, ಅವರು ಅದರಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದುಕೊಟ್ಟರು. ಶಾಲಾಮಕ್ಕಳಿಗೆಂದು ಸಂಕ್ಷೇಪ ಮಾಡಿದ 'ಫ್ರಾಂಕೆನ್‌ಸ್ಟೈನ್'. ರಕ್ಷಾಪುಟದಲ್ಲಿ ಚಪ್ಪಟೆ ತಲೆಯ, ಕುತ್ತಿಗೆಯ ಎರಡೂ ಕಡೆ ಬೋಲ್ಟು ಬಡಿದ ಒಬ್ಬ ರಾಕ್ಷಸ. "ಸಾರ್, ಇವನೇನಾ ಫ್ರಾಂಕೆನ್‌ಸ್ಟೈನ್?" ಅಂತ ಕೇಳಿದೆ. "ಓದ್ಕೊಂಡು ಬಂದು ನೀನೇ ಹೇಳು" ಅಂದರು.

ಪುಟಕ್ಕೆ ಇಪ್ಪತ್ತು ಸಲ ಡಿಕ್ಷನರಿ ತೆಗೆದು ಓದಿದೆ. ಫ್ರಾಂಕೆನ್‌ಸ್ಟೈನ್ ಅನ್ನುವುದು ರಾಕ್ಷಸನ ಹೆಸರಲ್ಲ, ಅವನನ್ನು ತಯಾರು ಮಾಡಿದ ವಿದ್ಯಾರ್ಥಿಯ ಹೆಸರು, ವಿಕ್ಟರ್ ಫ್ರಾಂಕೆನ್‌ಸ್ಟೈನ್. ಹೆಣಗಳಿಂದ ಅಂಗಾಂಗ ಕೂಡಿಸಿ ಜೀವ ಕೊಟ್ಟ ರಾತ್ರಿಯೇ, ಅದರ ಹಳದಿ ಕಣ್ಣು ತೆರೆದದ್ದು ನೋಡಿ ಹೆದರಿ, ಅವನು ಕೋಣೆ ಬಿಟ್ಟು ಓಡುತ್ತಾನೆ. ಹುಟ್ಟಿದವನಿಗೆ ಹೆಸರೇ ಇಟ್ಟಿಲ್ಲ. ನನಗೆ ಇದಕ್ಕಿಂತ ಆಶ್ಚರ್ಯವಾದದ್ದು ಬೇರೆ. ಆ ಬೋಲ್ಟಿನ ರಾಕ್ಷಸ ಮಾತಾಡುತ್ತಾನೆ! ಗುರುಗುಟ್ಟುವುದಲ್ಲ, ನಮ್ಮೂರಿನ ವಕೀಲರ ಹಾಗೆ ವಾದ ಮಾಡುತ್ತಾನೆ.

ಬರೆದವಳ ವಿಷಯ ಎರಡು ಮಾತು. ಮೇರಿ ಶೆಲ್ಲಿ ಹುಟ್ಟಿದ್ದು 1797ರಲ್ಲಿ. ಹುಟ್ಟಿದ ಕೆಲವೇ ದಿನಕ್ಕೆ ತಾಯಿ ತೀರಿಕೊಂಡರು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳಿನಿಂದ ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಆ 1816ರಲ್ಲಿ ಜಿನೀವಾ ಸರೋವರದ ದಡದಲ್ಲಿ, ಬಿಡದ ಮಳೆಯಲ್ಲಿ, ಕವಿ ಬೈರನ್ ಜೊತೆಯವರಿಗೆಲ್ಲ 'ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ' ಅಂದ. ಆಗ ಮೇರಿಗೆ 18 ವರ್ಷ. ಅದಾಗಲೇ ಅವಳು ಒಂದು ಹಸುಗೂಸನ್ನು ಕಳೆದುಕೊಂಡಿದ್ದಳು. ಕಾದಂಬರಿ 1818ರಲ್ಲಿ ಅಚ್ಚಾಯಿತು, 500 ಪ್ರತಿ, ಲೇಖಕಿಯ ಹೆಸರಿಲ್ಲದೆ. ಬಹಳ ಜನ ಅವಳ ಗಂಡ ಪರ್ಸಿ ಶೆಲ್ಲಿಯೇ ಬರೆದದ್ದು ಅಂದುಕೊಂಡರು. ಹೆಸರಿಲ್ಲದವನ ಕಥೆ ಹೆಸರಿಲ್ಲದೆಯೇ ಹೊರಬಂತು ನೋಡಿ.

ಪಂಚತಂತ್ರದ ಹಾಗೆ ಇಲ್ಲೂ ಕಥೆಯೊಳಗೆ ಕಥೆ. ಉತ್ತರ ಧ್ರುವದ ಕಡೆ ಹೊರಟ ಹಡಗಿನ ವಾಲ್ಟನ್ ತನ್ನ ಅಕ್ಕನಿಗೆ ಬರೆದ ಪತ್ರಗಳು, ಅದರೊಳಗೆ ವಿಕ್ಟರ್ ಹೇಳುವ ಕಥೆ, ಅದರೊಳಗೆ ಆ ಹೆಸರಿಲ್ಲದವನು ಹೇಳುವ ಕಥೆ. ಎಲ್ಲಕ್ಕಿಂತ ಒಳಗಿನ ಆ ಡಬ್ಬಿಯಲ್ಲೇ ನನ್ನ ಮನಸ್ಸು ನಿಂತದ್ದು.

ಎಲ್ಲ ಕಡೆ ಕಲ್ಲೇಟು ತಿಂದು ಓಡಿಬಂದ ಅವನು ಕಾಡಿನಂಚಿನ ಒಂದು ಮನೆಗೆ ಆತುಕೊಂಡಿದ್ದ ಹಂದಿಗೂಡಿನಂಥ ಗುಡಿಸಲಲ್ಲಿ ಅಡಗುತ್ತಾನೆ. ಮಧ್ಯದ ಗೋಡೆಯಲ್ಲಿ ಒಂದು ಸಣ್ಣ ಬಿರುಕು. ಆ ಕಡೆ ಕುರುಡು ಮುದುಕ ಡಿ ಲೇಸಿ, ಅವನ ಮಗ, ಮಗಳು. ಬಡವರು. ಈತ ಬಿರುಕಿಗೆ ಕಣ್ಣಿಟ್ಟು ನೋಡುತ್ತಾ ಕೇಳುತ್ತಾ ಮೊದಲು ಬೆಂಕಿ, ಹಾಲು, ರೊಟ್ಟಿ, ಸೌದೆ ಅನ್ನುವ ಪದಗಳನ್ನು ಹಿಡಿಯುತ್ತಾನೆ. ಆಮೇಲೆ ಆ ಮನೆಗೆ ಸೇಫಿ ಅನ್ನುವ ಪರದೇಶದ ಹುಡುಗಿ ಬರುತ್ತಾಳೆ. ಅವಳಿಗೆ ಭಾಷೆ ಬಾರದು. ಮಗ ಫೆಲಿಕ್ಸ್ ಅವಳಿಗೆ ದಿನಾ ಪಾಠ ಹೇಳುತ್ತಾನೆ. ಮೇಷ್ಟ್ರಿಗೆ ಗೊತ್ತಿಲ್ಲ, ಗೋಡೆಯಾಚೆ ಇನ್ನೊಬ್ಬ ಶಿಷ್ಯ ಇದ್ದಾನೆ ಅಂತ! ಅವಳಿಗಿಂತ ಬೇಗ ಕಲಿತೆ ಅಂತ ಸ್ವಲ್ಪ ಜಂಬವನ್ನೂ ಕೊಚ್ಚಿಕೊಳ್ಳುತ್ತಾನೆ. ಗುರುದಕ್ಷಿಣೆಯೋ ಏನೋ, ರಾತ್ರಿ ಹೊತ್ತು ಕಾಡಿನಿಂದ ಸೌದೆ ತಂದು ಬಾಗಿಲಿಗೆ ಹಾಕುತ್ತಾನೆ. ಕೊನೆಗೆ ಧೈರ್ಯ ಮಾಡಿ, ಮಿಕ್ಕವರು ಹೊರಗೆ ಹೋದಾಗ, ಕುರುಡು ಅಜ್ಜನ ಮುಂದೆ ಕೂತು ಮಾತಾಡುತ್ತಾನೆ. ಅಜ್ಜನಿಗೆ ಮುಖ ಕಾಣದು, ಮಾತು ಕೇಳುತ್ತದೆ, ಮರ್ಯಾದೆಯಿಂದಲೇ ಮಾತಾಡಿಸುತ್ತಾನೆ. ಅಷ್ಟರಲ್ಲಿ ಮಗ ಬಂದು ದೊಣ್ಣೆಯಿಂದ ಬಡಿಯುತ್ತಾನೆ.

ಇಂಥ ಮಾತುಗಾರನ ನಾಲಗೆಯನ್ನೇ ನಾಟಕದವರು, ಸಿನಿಮಾದವರು ಕಿತ್ತುಕೊಂಡರು. 1823ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಬರೆದ ನಾಟಕ ರಂಗಕ್ಕೆ ಬಂತು. ಟಿ.ಪಿ. ಕುಕ್ ಅನ್ನುವ ನಟನ ಪಾತ್ರಕ್ಕೆ ಒಂದು ಮಾತೂ ಇಲ್ಲ, ಮೂಕಾಭಿನಯ. ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರಿದ್ದ ಕಡೆ ಬರೀ ಒಂದು ಗೀಟು. ಮೇರಿ ಶೆಲ್ಲಿ ತಾನೇ ಹೋಗಿ ನೋಡಿದಳು. ಆ ಗೀಟೂ ಕುಕ್‌ನ ಅಭಿನಯವೂ ಅವಳಿಗೆ ಹಿಡಿಸಿದವು. ನಾಟಕ ಓಡಿದ್ದರಿಂದ ಪುಸ್ತಕ ಮರುಮುದ್ರಣವಾಗಿ, ಆಗ ಅವಳ ಹೆಸರೂ ಅಚ್ಚಾಯಿತು. ಆದ್ದರಿಂದ ನಾಟಕದವರನ್ನು ಬೈಯಲೂ ಆಗುವುದಿಲ್ಲ.

ನಮ್ಮ ಪುಸ್ತಕದ ಮೇಲಿದ್ದ ಚಪ್ಪಟೆ ತಲೆ ಬಂದದ್ದು 1931ರ ಹಾಲಿವುಡ್ ಚಿತ್ರದಿಂದ. ನಿರ್ದೇಶಕ ಜೇಮ್ಸ್ ವೇಲ್, ನಟ ಬೋರಿಸ್ ಕಾರ್ಲಾಫ್, ಆ ಮುಖ ಮಾಡಿದವನು ಜ್ಯಾಕ್ ಪಿಯರ್ಸ್. ಚಿತ್ರದ ಶುರುವಿನ ಹೆಸರುಗಳಲ್ಲಿ ಕಾರ್ಲಾಫ್‌ನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಇಲ್ಲೂ ಅವನು ಮೂಕ. ಅದಕ್ಕಿಂತ ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಚಿತ್ರದಲ್ಲಿ ಸಹಾಯಕ ಕೈತಪ್ಪಿ ಒಳ್ಳೆಯ ಮಿದುಳಿನ ಜಾಡಿ ಒಡೆದು, ಅಪರಾಧಿಯ ಮಿದುಳು ಎತ್ತಿಕೊಂಡು ಬರುತ್ತಾನೆ. ಕಾದಂಬರಿಯಲ್ಲಿ ಇದು ಇಲ್ಲವೇ ಇಲ್ಲ. ಅಲ್ಲಿ ಅವನು ಕೆಡುವುದು ಜನ ಅವನನ್ನು ನಡೆಸಿಕೊಂಡ ರೀತಿಯಿಂದ. ಸಿನಿಮಾ ಹೇಳುತ್ತದೆ, ಹುಟ್ಟಿನಲ್ಲೇ ತಲೆ ಸರಿಯಿಲ್ಲ. ನಮ್ಮ ಕಾಲದಲ್ಲಿ ಕೊನೆಯ ಬೆಂಚಿನವರ ಬಗ್ಗೆಯೂ ಈ ಮಾತು ಕೇಳಿಸುತ್ತಿತ್ತು, ಇಲ್ಲಿ ಅಂತ ಹೇಳುತ್ತಿಲ್ಲ, ಎಲ್ಲ ಕಡೆ.

ಆದರೂ ಕಾರ್ಲಾಫ್ ದೊಡ್ಡ ನಟ. ಕೆರೆಯ ದಡದಲ್ಲಿ ಒಂದು ಪುಟ್ಟ ಹುಡುಗಿ ಹೂವನ್ನು ನೀರಿಗೆ ತೇಲಿಬಿಡುವುದನ್ನು ಅವನಿಗೂ ಕಲಿಸುತ್ತಾಳೆ. ಹೂವು ಮುಗಿದಾಗ, ಇವಳೂ ತೇಲುತ್ತಾಳೆ ಅಂದುಕೊಂಡು, ಅವಳನ್ನೇ ಎತ್ತಿ ನೀರಿಗೆ ಹಾಕಿಬಿಡುತ್ತಾನೆ. ಆಮೇಲೆ ಅವನ ಮುಖದ ಗಾಬರಿಯನ್ನು ನೋಡಬೇಕು. ಈ ತುಣುಕನ್ನು ಕತ್ತರಿಸಿ ದಶಕಗಳ ಕಾಲ ತೋರಿಸಲೇ ಇಲ್ಲ. ಕಾದಂಬರಿಯಲ್ಲಿ ಇದಕ್ಕೆ ಪೂರಾ ಉಲ್ಟಾ: ನೀರಿಗೆ ಬಿದ್ದ ಹುಡುಗಿಯನ್ನು ಅವನು ಎತ್ತಿ ಬದುಕಿಸುತ್ತಾನೆ, ಬಹುಮಾನವಾಗಿ ಗುಂಡೇಟು ತಿನ್ನುತ್ತಾನೆ. 1935ರ ಎರಡನೇ ಚಿತ್ರದಲ್ಲಿ ಒಬ್ಬ ಕುರುಡು ಸನ್ಯಾಸಿ ಅವನಿಗೆ ನಾಲ್ಕಾರು ಪದ ಕಲಿಸುತ್ತಾನೆ. ಕಾರ್ಲಾಫ್‌ಗೆ ತನ್ನ ಪಾತ್ರ ಮಾತಾಡುವುದು ಇಷ್ಟವಿರಲಿಲ್ಲವಂತೆ. ನನಗೆ ಆ ನಾಲ್ಕು ಪದವೂ ಸಾಲದು.

ನಮ್ಮ ಊರಿನ ಕುರುಕ್ಷೇತ್ರ ನಾಟಕ ನೆನೆಸಿಕೊಳ್ಳಿ. ದುರ್ಯೋಧನನಿಗೆ ಎಷ್ಟು ಹಾಡು, ಎಷ್ಟು ಕಂದ! ಆ ಪಾರ್ಟಿಗೆ ತಾನೇ ಜಾಸ್ತಿ ದುಡ್ಡು. ಕೆಟ್ಟವನು ಅಂತ ಗೊತ್ತಿದ್ದೂ ಬೆಳಗಿನ ಜಾವದ ತನಕ ಅವನ ಮಾತು ಕೇಳುತ್ತೇವೆ.

ಇದೆಲ್ಲ ನನಗೆ ಯಾಕಿಷ್ಟು ತಾಗಿತು ಅಂದರೆ, ಬಿ.ಇ. ಮೊದಲ ವರ್ಷದಲ್ಲಿ ಒಂದು ಸೆಮಿನಾರ್ ಕೊಡಬೇಕಿತ್ತು. ಕಾಲೇಜಿನ ಹೆಸರು ಬೇಡ. ಟ್ರಾನ್ಸಿಸ್ಟರ್ ಬಗ್ಗೆ. ವಿಷಯ ಚೆನ್ನಾಗಿಯೇ ಗೊತ್ತಿತ್ತು. ಎರಡು ವಾಕ್ಯ ಆದ ಮೇಲೆ ಇಂಗ್ಲಿಷ್ ನಿಂತುಹೋಯಿತು. ಮುಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಉಪನ್ಯಾಸಕರು "ಕನ್ನಡ ಮೀಡಿಯಮ್ಮಾ? ಕೂತ್ಕೋ" ಅಂದರು. ಬೈಯಲಿಲ್ಲ, ಅಷ್ಟೇ ಅಂದರು. ಮುಂದಿನ ಎರಡು ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಇದನ್ನು ಮನೆಯಲ್ಲೂ ಹೇಳಿರಲಿಲ್ಲ. ಅಪ್ಪ ಅಮ್ಮ ಇವತ್ತು ಮೊದಲ ಸಲ ಕೇಳುತ್ತಿದ್ದಾರೆ. ಹಾಸ್ಟೆಲಿನಲ್ಲಿ ರೂಮಿನವರು ಇಂಗ್ಲಿಷಿನಲ್ಲಿ ಹರಟುವಾಗ ನಾನು ಗೋಡೆ ಕಡೆ ತಿರುಗಿ, ನಿದ್ದೆ ಬಂದವನ ಹಾಗೆ ಮಲಗಿ, ಯಾವ ಪದ ಎಲ್ಲಿ ಬೀಳುತ್ತದೆ ಅಂತ ಕೇಳಿಸಿಕೊಳ್ಳುತ್ತಿದ್ದೆ. ಆ ದಿನಗಳಲ್ಲೇ ಕಾಲೇಜು ಲೈಬ್ರರಿಯಲ್ಲಿ ಪೂರ್ತಿ ಕಾದಂಬರಿ ಸಿಕ್ಕಿತು. ಬಿರುಕಿನ ಅಧ್ಯಾಯವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೋಲಿಕೆ ಸ್ವಲ್ಪ ಜಾಸ್ತಿಯಾಯಿತು, ಹದಿನೆಂಟರ ವಯಸ್ಸು.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಲಂಡನ್ನಿನ ನ್ಯಾಷನಲ್ ಥಿಯೇಟರಿನವರು 2011ರ ತಮ್ಮ 'ಫ್ರಾಂಕೆನ್‌ಸ್ಟೈನ್' ನಾಟಕವನ್ನು ಒಂದು ವಾರ ಯೂಟ್ಯೂಬಿನಲ್ಲಿ ಪುಕ್ಕಟೆ ತೋರಿಸಿದರು. ನಿಕ್ ಡಿಯರ್ ಬರೆದದ್ದು, ಡ್ಯಾನಿ ಬಾಯ್ಲ್ ನಿರ್ದೇಶನ. ಬೆನೆಡಿಕ್ಟ್ ಕಂಬರ್‌ಬ್ಯಾಚ್, ಜಾನಿ ಲೀ ಮಿಲ್ಲರ್ ಇಬ್ಬರೂ ಪಾತ್ರ ಅದಲು ಬದಲು ಮಾಡಿಕೊಳ್ಳುತ್ತಿದ್ದರು: ಇವತ್ತು ಹುಟ್ಟಿಸಿದವನು, ನಾಳೆ ಹುಟ್ಟಿದವನು. ಸಿಗ್ನಲ್ ಸಿಗುವುದು ಮಾಳಿಗೆ ಮೇಲೆ ಮಾತ್ರ. ಅಲ್ಲಿ ಕೂತು ನೋಡುತ್ತಿದ್ದೆ. ನಾಟಕದ ಮೊದಲ ಹತ್ತು ನಿಮಿಷ ಮಾತಿಲ್ಲ. ಬೆತ್ತಲೆ ಮನುಷ್ಯನೊಬ್ಬ ಬಿದ್ದು, ತೆವಳಿ, ಮತ್ತೆ ಬಿದ್ದು, ನಿಲ್ಲಲು ಕಲಿಯುತ್ತಾನೆ. ಹಪ್ಪಳ ಒಣಗಿಸಲು ಬಂದ ಅಮ್ಮ ಬಗ್ಗಿ ನೋಡಿ, "ಯಾರ್ಲಾ ಪಾಪ ಅವ್ನು, ಈಗ್ತಾನೆ ಹುಟ್ಟಿದ್ ಕರ ಎದ್ದಂಗೆ ಎದ್ದೇಳ್ತಾವ್ನೆ?" ಅಂದರು. ಈ ಕಾದಂಬರಿಯ ಬಗ್ಗೆ ಬೇಕಾದಷ್ಟು ವಿಮರ್ಶೆ ಓದಿದ್ದೇನೆ, ಅಮ್ಮನ ಮಾತಿನಷ್ಟು ಸರಿಯಾದದ್ದು ನೆನಪಿಗೆ ಬರುವುದಿಲ್ಲ.

ಬೆಂಗಳೂರಿನಲ್ಲಿ ನಾವು ಏಳೆಂಟು ಜನ ಗೆಳೆಯರು ತಿಂಗಳಿಗೊಂದು ಭಾನುವಾರ ಸೇರುತ್ತೇವೆ. 2025ರ ಕೊನೆಗೆ ಗಿಯೆರ್ಮೊ ದೆಲ್ ತೋರೊ ಅವರ ಚಿತ್ರ ನೆಟ್‌ಫ್ಲಿಕ್ಸಿಗೆ ಬಂದಾಗ ಎರಡು ಸಲ ಕಾಫಿ ಮಾಡುವಷ್ಟು ಹೊತ್ತು ಜಗಳವಾಯಿತು. ಅಲ್ಲಿ ಅವನು ತನ್ನ ಕಥೆ ತಾನೇ ಹೇಳುತ್ತಾನೆ, ನನಗೆ ಹಬ್ಬ. ಗೆಳತಿಯೊಬ್ಬಳು ಬಿಡಲಿಲ್ಲ. "ಮಾತು ಬಂದ ಕೂಡಲೇ ಒಳ್ಳೆಯವನಾದನಾ? ಕಾದಂಬರಿಯಲ್ಲಿ ಅವನು ವಿಕ್ಟರನ ಪುಟ್ಟ ತಮ್ಮನ ಕತ್ತು ಹಿಸುಕಿ ಕೊಲ್ಲುತ್ತಾನೆ. ಆ ತಪ್ಪನ್ನು ಕೆಲಸದ ಹುಡುಗಿ ಜಸ್ಟೀನಳ ಮೇಲೆ ಹಾಕಿ ಅವಳನ್ನು ಗಲ್ಲಿಗೇರುವಂತೆ ಮಾಡುತ್ತಾನೆ. ಅವಳಿಗೂ ಬಾಯಿ ಇತ್ತು, ಅವಳ ಮಾತು ಯಾರು ಕೇಳಿದರು? ನೀನು ಇವನೊಬ್ಬನ ಲಾಯರ್ ಆಗಿದ್ದೀಯ." ವಿಕ್ಟರ್ ಕೂಡ ಸಾಯುವ ಮುಂಚೆ ವಾಲ್ಟನ್‌ಗೆ ಎಚ್ಚರಿಸುತ್ತಾನೆ, ಅವನ ಮಾತು ಬಲು ಚೆಂದ, ನಂಬಬೇಡ ಅಂತ.

ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೆ ಒಂದು ಗಮನಿಸಿದೆ: ಹೊಸ ಚಿತ್ರದಲ್ಲಿ ಆ ತಮ್ಮ ಮಗುವೇ ಅಲ್ಲ, ಬೆಳೆದ ಗಂಡಸು. ಕೊನೆಗೆ ಕ್ಷಮೆಯೂ ಇದೆ. ಅವನನ್ನು ಪ್ರೀತಿಸುವುದು ಅಲ್ಲಿ ಸುಲಭ. ಮೇರಿ ಶೆಲ್ಲಿ ಮಗುವಿನ ಕೊಲೆಯನ್ನೂ ಮುಚ್ಚಿಡಲಿಲ್ಲ, ಅವನ ಮಾತನ್ನೂ ತಡೆಯಲಿಲ್ಲ. ಎರಡನ್ನೂ ನಮ್ಮ ಮುಂದೆ ಇಟ್ಟು ಸುಮ್ಮನಾದಳು. ನನಗೆ ಅದೇ ಹೆಚ್ಚು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಆ ತೆಳ್ಳನೆಯ ಪುಸ್ತಕ ನಾನು ವಾಪಸ್ ಕೊಡಲೇ ಇಲ್ಲ. ಪರೀಕ್ಷೆ, ರಜಾ, ಕಾಲೇಜು ಅಂತ ನನ್ನಲ್ಲೇ ಉಳಿದುಹೋಯಿತು. ಬೀಗದ ಕೈ ಇಟ್ಟುಕೊಂಡಿದ್ದ ಮೇಷ್ಟ್ರು ನಿವೃತ್ತರಾಗಿ ಇವತ್ತು ಇದೇ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಸಾರ್, ಪುಸ್ತಕ ತಂದಿದ್ದೇನೆ, ರಕ್ಷಾಪುಟ ಹರಿದಿದೆ, ಬೋಲ್ಟು ಒಂದೇ ಉಳಿದಿದೆ. ಜೊತೆಗೆ ಪೂರ್ತಿ ಕಾದಂಬರಿಯ ಎರಡು ಪ್ರತಿ. ಅವತ್ತು 'ಓದ್ಕೊಂಡು ಬಂದು ನೀನೇ ಹೇಳು' ಅಂದಿದ್ದಿರಿ. ಅವನು ಫ್ರಾಂಕೆನ್‌ಸ್ಟೈನ್ ಅಲ್ಲ ಸಾರ್. ದಂಡ ಎಷ್ಟಾಯಿತು ಲೆಕ್ಕ ಹಾಕಿ.