ತಪ್ಪಿದ ಚೆಂಡು ಯಾರದು?



ಬಾಸ್ಕೆಟ್‌ಬಾಲ್ ನೋಡುವಾಗ ನಮ್ಮೆಲ್ಲರ ಕಣ್ಣು ಚೆಂಡಿನ ಮೇಲೆಯೇ ನೆಟ್ಟಿರುತ್ತದೆ. ಚೆಂಡು ಆಟಗಾರನ ಕೈಬಿಟ್ಟು ಬುಟ್ಟಿಯತ್ತ ಸಾಗುವಾಗ ನಾವು ಉಸಿರು ಬಿಗಿಹಿಡಿದು ಕಾಯುತ್ತೇವೆ. ಒಳಗೆ ಬಿದ್ದರೆ ಚಪ್ಪಾಳೆ, ಬೀಳದಿದ್ದರೆ ‘ಅಯ್ಯೋ’ ಎಂಬ ಉದ್ಗಾರ. ಅಷ್ಟಕ್ಕೆ ನಮ್ಮ ಕುತೂಹಲ ಮುಗಿಯುತ್ತದೆ. ಆದರೆ ಅಮೆರಿಕದ ಕಾಲೇಜು ತಂಡಗಳಂಥ ನುರಿತ ತಂಡಗಳು ಎಸೆಯುವ ಚೆಂಡುಗಳಲ್ಲೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚಿನವು ಬುಟ್ಟಿಯೊಳಗೆ ಬೀಳುವುದಿಲ್ಲ. ಹಾಗಾದರೆ ಆ ತಪ್ಪಿದ ಚೆಂಡು ಯಾರದು? ಇವತ್ತು ನಾನು ನಿಮ್ಮ ಮುಂದಿಡಲು ಬಯಸುವುದು ಈ ಪ್ರಶ್ನೆಯನ್ನೇ.

ರಿಂಗಿಗೋ ಹಲಗೆಗೋ ಬಡಿದು ಹಿಂದಿರುಗುವ ಚೆಂಡನ್ನು ವಶಪಡಿಸಿಕೊಳ್ಳುವುದನ್ನು ರೀಬೌಂಡ್ ಎನ್ನುತ್ತಾರೆ. ಚೆಂಡನ್ನು ಎಸೆದ ತಂಡವೇ ಅದನ್ನು ಮತ್ತೆ ಹಿಡಿದರೆ ಆಕ್ರಮಣದ ರೀಬೌಂಡ್, ಎದುರಾಳಿ ತಂಡ ಹಿಡಿದರೆ ರಕ್ಷಣೆಯ ರೀಬೌಂಡ್. ಜೇಮ್ಸ್ ನೈಸ್ಮಿತ್ ಅವರು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಈ ಆಟವನ್ನು ಆರಂಭಿಸಿದಾಗ ಬುಟ್ಟಿಯನ್ನು ಹತ್ತು ಅಡಿ ಎತ್ತರದಲ್ಲಿಟ್ಟರು. ಇಂದಿಗೂ ಅದೇ ಎತ್ತರ. ಆದ್ದರಿಂದ ಚೆಂಡು ಕೆಳಗೆ ಬರುವ ಮುನ್ನ ಯಾರು ಹೆಚ್ಚು ಎತ್ತರಕ್ಕೆ ಹಾರುತ್ತಾರೋ ಅವರದೇ ಚೆಂಡು ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಪಂದ್ಯದ ಮೂಲಕ ನೋಡೋಣ.

2017ರ ಏಪ್ರಿಲ್ 1. ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯ ಸೆಮಿಫೈನಲ್. ಸ್ಥಳ ಅರಿಜೋನ ರಾಜ್ಯದ ಗ್ಲೆಂಡೇಲ್. ಒಂದು ಕಡೆ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಒರೆಗಾನ್ ವಿಶ್ವವಿದ್ಯಾಲಯ. ಹಿಂದಿನ ವರ್ಷವಷ್ಟೇ ನಾರ್ತ್ ಕ್ಯಾರೊಲಿನಾ ಫೈನಲ್‌ನಲ್ಲಿ ವಿಲನೋವಾ ತಂಡಕ್ಕೆ ಕಟ್ಟಕಡೆಯ ಕ್ಷಣದ ಒಂದು ಎಸೆತದಿಂದ ಸೋತಿತ್ತು. ಆ ನೋವು ಇನ್ನೂ ಮಾಸಿರಲಿಲ್ಲ. ಈಗ ಪಂದ್ಯ ಮುಗಿಯಲು ಆರು ಸೆಕೆಂಡೂ ಉಳಿದಿಲ್ಲ. ನಾರ್ತ್ ಕ್ಯಾರೊಲಿನಾ 77, ಒರೆಗಾನ್ 76. ನಾರ್ತ್ ಕ್ಯಾರೊಲಿನಾದ ಕೆನಡಿ ಮೀಕ್ಸ್ ಅವರಿಗೆ ಎರಡು ಫ್ರೀ ಥ್ರೋ ಸಿಕ್ಕವು. ಎರಡೂ ತಪ್ಪಿದವು.

ಇಲ್ಲಿ ನಿಯಮವೊಂದನ್ನು ಗಮನಿಸಬೇಕು. ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದು ತಪ್ಪಿದರೆ ಆಟ ಮುಂದುವರಿಯುವುದಿಲ್ಲ. ಎರಡನೆಯದು ತಪ್ಪಿದರೆ ಮಾತ್ರ ಚೆಂಡಿಗಾಗಿ ಹೋರಾಟ. ಆ ಹೋರಾಟದಲ್ಲಿ ಬುಟ್ಟಿಗೆ ಅತ್ಯಂತ ಹತ್ತಿರದ ಎರಡು ಜಾಗಗಳನ್ನು ನಿಯಮವೇ ರಕ್ಷಿಸುವ ತಂಡಕ್ಕೆ ಕೊಟ್ಟಿರುತ್ತದೆ. ಅಂದರೆ ಚೆಂಡು ಒರೆಗಾನ್ ತಂಡಕ್ಕೆ ಸಿಗಬೇಕಾದದ್ದು ನ್ಯಾಯ. ಆದರೆ ನಾರ್ತ್ ಕ್ಯಾರೊಲಿನಾದ ಥಿಯೋ ಪಿನ್ಸನ್ ಅವರು ಹೊರಗಿನಿಂದ ನುಗ್ಗಿ ಚೆಂಡನ್ನು ಕೈಯಿಂದ ತಟ್ಟಿ ಜೊತೆಗಾರನತ್ತ ಕಳುಹಿಸಿದರು. ಒರೆಗಾನ್ ಮತ್ತೆ ಫೌಲ್ ಮಾಡಬೇಕಾಯಿತು. ಈ ಸಲ ಜೋಯಲ್ ಬೆರ್ರಿ ಅವರ ಸರದಿ. ಉಳಿದಿದ್ದುದು ನಾಲ್ಕು ಸೆಕೆಂಡು. ಅವರೂ ಎರಡನ್ನೂ ತಪ್ಪಿಸಿದರು! ಆದರೆ ಆ ತಪ್ಪಿದ ಚೆಂಡನ್ನೂ ಹಿಡಿದದ್ದು ನಾರ್ತ್ ಕ್ಯಾರೊಲಿನಾದವರೇ, ಸ್ವತಃ ಮೀಕ್ಸ್. ಕಾಲ ಮುಗಿಯಿತು. ಸತತ ನಾಲ್ಕು ಫ್ರೀ ಥ್ರೋ ತಪ್ಪಿಸಿದ ತಂಡ ಒಂದು ಅಂಕದಿಂದ ಗೆದ್ದು, ಎರಡು ದಿನಗಳ ನಂತರ ಗೊಂಜಾಗಾ ತಂಡವನ್ನು 71–65ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆಯಿತು. ಒರೆಗಾನ್ ಪಾಲಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಪಂದ್ಯದಲ್ಲಿ ಒರೆಗಾನ್ ಪರವಾಗಿ ಅತ್ಯಧಿಕ ರೀಬೌಂಡ್ ಹಿಡಿದವರು ಜೋರ್ಡನ್ ಬೆಲ್. ಒಟ್ಟು 16 ರೀಬೌಂಡ್! ಆದರೂ ಪಂದ್ಯದ ನಂತರ ಸೋಲಿನ ಹೊಣೆಯನ್ನು ಅವರು ತಮ್ಮ ಮೇಲೆಯೇ ಹಾಕಿಕೊಂಡರು. ತಾನು ಎದುರಾಳಿಯನ್ನು ಸರಿಯಾಗಿ ತಡೆದು ನಿಂತಿದ್ದರೆ ಗೆಲುವು ನಮ್ಮದಾಗುತ್ತಿತ್ತು ಎಂಬುದೇ ಅವರ ಕೊರಗು. ಹಾರಲು ಬಾರದವರಲ್ಲ, ಶ್ರಮಕ್ಕೆ ಹಿಂಜರಿದವರೂ ಅಲ್ಲ. ಹಿಡಿದ ಹದಿನಾರು ಚೆಂಡುಗಳು ಲೆಕ್ಕದ ಪುಸ್ತಕದಲ್ಲಿ ಉಳಿದವು, ಕೈತಪ್ಪಿದ ಎರಡು ಮನಸ್ಸಿನಲ್ಲಿ ಉಳಿದವು.

ಅವರು ಹೇಳಿದ ‘ತಡೆದು ನಿಲ್ಲುವುದು’ ಎಂದರೇನು? ಆಟಗಾರರ ಭಾಷೆಯಲ್ಲಿ ಅದಕ್ಕೆ ಬಾಕ್ಸ್ ಔಟ್ ಎಂದು ಹೆಸರು. ಚೆಂಡು ಗಾಳಿಯಲ್ಲಿರುವಾಗ ಅದನ್ನು ನೋಡುತ್ತ ನಿಲ್ಲಬಾರದು. ಮೊದಲು ನಿಮ್ಮ ಪಾಲಿನ ಎದುರಾಳಿ ಎಲ್ಲಿದ್ದಾನೆಂದು ಹುಡುಕಬೇಕು. ಅವನಿಗೂ ಬುಟ್ಟಿಗೂ ನಡುವೆ ಬಂದು, ತಿರುಗಿ, ಮೊಣಕಾಲು ಬಗ್ಗಿಸಿ, ಕಾಲುಗಳನ್ನು ಅಗಲಿಸಿ, ಬೆನ್ನು ಸೊಂಟಗಳಿಂದ ಅವನ ದಾರಿಗೆ ಅಡ್ಡ ನಿಲ್ಲಬೇಕು. ಕೈಯಿಂದ ಹಿಡಿಯುವಂತಿಲ್ಲ, ತಳ್ಳುವಂತಿಲ್ಲ. ಹಾಗೆ ಮಾಡಿದರೆ ಫೌಲ್. ಇಷ್ಟಾದ ಮೇಲೆಯೇ ಚೆಂಡಿನ ಕಡೆಗೆ ಜಿಗಿತ. ಇದಕ್ಕೆಲ್ಲ ದೊರೆಯುವ ಸಮಯ ಒಂದೆರಡು ಸೆಕೆಂಡು ಮಾತ್ರ. ಒಂದು ಪಂದ್ಯದಲ್ಲಿ ಹತ್ತಾರು ಸಲ, ಚೆಂಡು ತನ್ನ ಕಡೆಗೆ ಬಾರದಿದ್ದರೂ, ಪ್ರತಿಯೊಬ್ಬನೂ ಈ ಕೆಲಸ ಮಾಡಲೇಬೇಕು. ಎಷ್ಟೋ ಸಲ ಅಡ್ಡ ನಿಂತವನೊಬ್ಬ, ಚೆಂಡು ಹಿಡಿಯುವವನು ಮತ್ತೊಬ್ಬ. ಅಂಕಿಅಂಶದಲ್ಲಿ ಹೆಸರು ಸೇರುವುದು ಎರಡನೆಯವನದು.

ಚೆಂಡು ಎಲ್ಲಿ ಬೀಳುತ್ತದೆಂಬ ಅಂದಾಜೂ ಒಂದು ವಿದ್ಯೆ. ದೂರದಿಂದ ಎಸೆದ ಚೆಂಡು ದೂರಕ್ಕೆ ಚಿಮ್ಮುತ್ತದೆ. ಒಂದು ಮೂಲೆಯಿಂದ ಎಸೆದದ್ದು ಹೆಚ್ಚಾಗಿ ಎದುರು ಬದಿಗೆ ಹೋಗುತ್ತದೆ. ಈ ವಿದ್ಯೆಯಲ್ಲಿ ಪಳಗಿದವರ ಪೈಕಿ ಡೆನ್ನಿಸ್ ರಾಡ್‌ಮನ್ ಪ್ರಮುಖರು. ಒಂದು ಕಾಲಕ್ಕೆ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವ ಕೆಲಸ ಮಾಡಿದ ಅವರು, ತಡವಾಗಿ ಓಕ್ಲಹೋಮದ ಒಂದು ಸಣ್ಣ ಕಾಲೇಜು ಸೇರಿ ಆಡತೊಡಗಿದರು. ಅವರ ಎತ್ತರ 6 ಅಡಿ 7 ಅಂಗುಲ. ನಮಗೆ ಇದು ಬಹಳ ಎನಿಸಬಹುದು. ಆದರೆ ಬುಟ್ಟಿಯ ಕೆಳಗೆ ಏಳಡಿಯವರ ನಡುವೆ ಹೋರಾಡುವವನಿಗೆ ಇದು ಕಡಿಮೆಯೇ. ಸಹ ಆಟಗಾರರು ಅಭ್ಯಾಸ ಮಾಡುವಾಗ ಅವರು ಪಕ್ಕದಲ್ಲಿ ನಿಂತು, ಯಾರು ಎಸೆದ ಚೆಂಡು ಹೇಗೆ ಸುತ್ತುತ್ತದೆ, ರಿಂಗಿಗೆ ಬಡಿದು ಯಾವ ಕಡೆಗೆ ಹಾರುತ್ತದೆ ಎಂದು ಗಮನಿಸುತ್ತಿದ್ದರು. ಮುಂದೆ ಅವರು ಅಮೆರಿಕದ ವೃತ್ತಿಪರ ಲೀಗಿನಲ್ಲಿ 1992ರಿಂದ 1998ರವರೆಗೆ ಸತತ ಏಳು ಋತುಗಳಲ್ಲಿ ರೀಬೌಂಡಿನಲ್ಲಿ ಮೊದಲಿಗರಾದರು.

ಕಾಲೇಜು ಆಟದ ದಾಖಲೆಗಳೂ ಇದೇ ಮಾತನ್ನು ಹೇಳುತ್ತವೆ. 1953ರ ಫೆಬ್ರವರಿಯಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನ ಬಿಲ್ ಚೇಂಬರ್ಸ್ ಒಂದೇ ಪಂದ್ಯದಲ್ಲಿ 51 ರೀಬೌಂಡ್ ಹಿಡಿದರು. ಅಮೆರಿಕದ ಕಾಲೇಜು ಆಟದಲ್ಲಿ ಅದನ್ನು ಮೀರಿದವರಿಲ್ಲ. ಅವರ ಎತ್ತರ 6 ಅಡಿ 4 ಅಂಗುಲ ಮಾತ್ರ. ಆ ಕಾಲದಲ್ಲಿ ತಪ್ಪುವ ಎಸೆತಗಳೇ ಹೆಚ್ಚಾಗಿದ್ದವು ಎಂಬುದು ನಿಜ. ಆದರೂ ಅಂದು ಅಂಕಣದಲ್ಲಿ ಇನ್ನೂ ಒಂಬತ್ತು ಮಂದಿ ಇದ್ದರು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಶ್ರಮದ ಪ್ರತಿಫಲ ಎಷ್ಟು? ಸ್ವಲ್ಪ ಲೆಕ್ಕ ಹಾಕೋಣ. ಅಮೆರಿಕದ ಕಾಲೇಜು ಆಟದಲ್ಲಿ ತಪ್ಪಿದ ಹತ್ತು ಚೆಂಡುಗಳಲ್ಲಿ ಸುಮಾರು ಏಳು ರಕ್ಷಿಸುವ ತಂಡಕ್ಕೆ, ಮೂರು ಎಸೆದ ತಂಡಕ್ಕೆ ಸಿಗುತ್ತವೆ. ತಂಡವೊಂದಕ್ಕೆ ಚೆಂಡಿನ ಒಂದು ಸರದಿಯಿಂದ ಬರುವ ಗಳಿಕೆ ಸರಾಸರಿ ಒಂದು ಅಂಕ. ಪಂದ್ಯದಲ್ಲಿ ಒಂದು ತಂಡದ ಮೂವತ್ತು ಎಸೆತಗಳು ತಪ್ಪಿದವು ಎನ್ನೋಣ. ಹತ್ತಕ್ಕೆ ಮೂರರ ಬದಲು ನಾಲ್ಕನ್ನು ಹಿಂದಕ್ಕೆ ಪಡೆದರೆ ಮೂರು ಹೊಸ ಅವಕಾಶಗಳು, ಅಂದರೆ ಸುಮಾರು ಮೂರು ಅಂಕಗಳು. ಒಂದೆರಡು ಅಂಕಗಳಲ್ಲಿ ತೀರ್ಮಾನವಾಗುವ ಪಂದ್ಯಗಳಲ್ಲಿ ಮೂರು ಅಂಕ ಸಣ್ಣ ಮಾತಲ್ಲ.

ಹಾಗೆಂದು ರೀಬೌಂಡೇ ಸರ್ವಸ್ವ ಎಂದು ನಾನು ಹೇಳಲಾರೆ. ಡೀನ್ ಆಲಿವರ್ ಎಂಬ ಅಂಕಿಅಂಶ ತಜ್ಞರು 2004ರ ತಮ್ಮ ಪುಸ್ತಕದಲ್ಲಿ ಗೆಲುವಿಗೆ ಕಾರಣವಾಗುವ ನಾಲ್ಕು ಅಂಶಗಳನ್ನು ವಿವರಿಸಿದ್ದಾರೆ. ಅವರ ಲೆಕ್ಕದಲ್ಲಿ ಮೊದಲ ಸ್ಥಾನ ಗುರಿಗೆ, ಎರಡನೆಯದು ಚೆಂಡನ್ನು ಕಳೆದುಕೊಳ್ಳದಿರುವುದಕ್ಕೆ. ರೀಬೌಂಡಿಗೆ ಮೂರನೆಯ ಸ್ಥಾನ. ಆಕ್ರಮಣದ ರೀಬೌಂಡಿಗೆಂದು ಎಲ್ಲರೂ ನುಗ್ಗಿದರೆ, ಎದುರಾಳಿಗಳು ಚೆಂಡು ಹಿಡಿದು ಖಾಲಿ ಅಂಕಣದಲ್ಲಿ ಓಡಿ ಅಂಕ ಗಳಿಸುವ ಅಪಾಯವೂ ಉಂಟು. 2022ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಆಸ್ಕರ್ ಶೀಬ್ವೆ ಪಂದ್ಯಕ್ಕೆ ಸರಾಸರಿ 15 ರೀಬೌಂಡ್ ಹಿಡಿದು ವರ್ಷದ ಶ್ರೇಷ್ಠ ಆಟಗಾರ ಎನಿಸಿದರು. ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಅವರು 30 ಅಂಕ, 16 ರೀಬೌಂಡ್ ಗಳಿಸಿದರು. ಆದರೂ ಕೆಂಟಕಿ, ಸೇಂಟ್ ಪೀಟರ್ಸ್ ಎಂಬ ಸಣ್ಣ ಸಂಸ್ಥೆಯ ತಂಡಕ್ಕೆ ಹೆಚ್ಚುವರಿ ಅವಧಿಯಲ್ಲಿ 85–79ರಿಂದ ಸೋತಿತು. ಒಬ್ಬನ ಶ್ರಮ ಐದು ಮಂದಿಯ ಶ್ರಮವಾಗಲಾರದು.

ಆದರೆ ನಾಲ್ಕು ಅಂಶಗಳಲ್ಲಿ ರೀಬೌಂಡಿಗೊಂದು ವಿಶೇಷವಿದೆ. ಗುರಿ ಒಂದು ದಿನ ಕೈಕೊಡಬಹುದು. ಎಂಥ ನಿಪುಣನಿಗೂ ಚೆಂಡು ಬುಟ್ಟಿಗೆ ಬೀಳದ ದಿನ ಬರುತ್ತದೆ. ಎದುರಾಳಿಗೆ ಅಡ್ಡ ನಿಲ್ಲುವ ಕೆಲಸ ಹಾಗಲ್ಲ. ಅದಕ್ಕೆ ಬೇಕಾದದ್ದು ಎಚ್ಚರ ಮತ್ತು ಮನಸ್ಸು. ಅವು ಇಂದು ಇದ್ದರೆ ನಾಳೆಯೂ ಇರಬಲ್ಲವು. ನಾರ್ತ್ ಕ್ಯಾರೊಲಿನಾ ತಂಡದ ಕೈ ಅಂದು ನಾಲ್ಕು ಸಲ ತಪ್ಪಿತು, ಎಚ್ಚರ ಒಮ್ಮೆಯೂ ತಪ್ಪಲಿಲ್ಲ.

ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1983ರ ಫೈನಲ್ ಸಾಕ್ಷಿ. ಹಕೀಮ್ ಒಲಾಜುವಾನ್, ಕ್ಲೈಡ್ ಡ್ರೆಕ್ಸ್ಲರ್ ಅವರಂಥ ಪ್ರತಿಭೆಗಳಿದ್ದ ಹ್ಯೂಸ್ಟನ್ ತಂಡ ಗೆದ್ದೇ ಗೆಲ್ಲುತ್ತದೆಂದು ಎಲ್ಲರೂ ಭಾವಿಸಿದ್ದರು. ಒಲಾಜುವಾನ್ ಅಂದು 18 ರೀಬೌಂಡ್ ಹಿಡಿದಿದ್ದರು. ಎದುರಾಳಿ ನಾರ್ತ್ ಕ್ಯಾರೊಲಿನಾ ಸ್ಟೇಟ್. ಇದು ನಾನು ಆಗಲೇ ಹೇಳಿದ ತಂಡವಲ್ಲ, ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ. ಅಂಕ 52–52. ಕೊನೆಯ ಕ್ಷಣಗಳಲ್ಲಿ ಡೆರೆಕ್ ವಿಟೆನ್‌ಬರ್ಗ್ ಬಹುದೂರದಿಂದ ಚೆಂಡೆಸೆದರು. ಅದು ರಿಂಗಿನವರೆಗೂ ತಲುಪಲಿಲ್ಲ. ಎಲ್ಲರ ದೃಷ್ಟಿ ಚೆಂಡಿನ ಮೇಲಿದ್ದಾಗ ಲೊರೆಂಜೊ ಚಾರ್ಲ್ಸ್ ಎಂಬ ಆಟಗಾರ ಬುಟ್ಟಿಯ ಬಳಿ ಹಾರಿ, ಚೆಂಡನ್ನು ಗಾಳಿಯಲ್ಲೇ ಹಿಡಿದು ಬುಟ್ಟಿಯೊಳಗೆ ತುರುಕಿದರು. 54–52. ಇಲ್ಲಿಯೂ ನೋಡಿ, ಅಂಕಣದ ಶ್ರೇಷ್ಠ ರೀಬೌಂಡರ್ ಸೋತ ತಂಡದಲ್ಲೇ ಇದ್ದರು.

ಈಗ ನಮ್ಮ ಅಂಕಣಗಳ ಕಡೆಗೆ ಬರೋಣ. ಅಂತರರಾಷ್ಟ್ರೀಯ ಒಕ್ಕೂಟದ ಅಧಿಕೃತ ಸ್ಕೋರ್‌ಶೀಟ್ ನೋಡಿದವರಿಗೆ ಗೊತ್ತು. ಅದರಲ್ಲಿ ಅಂಕಗಳಿಗೆ ಜಾಗವಿದೆ, ಫೌಲುಗಳಿಗಿದೆ, ಟೈಮ್ ಔಟುಗಳಿಗಿದೆ. ರೀಬೌಂಡಿಗೆ ಜಾಗವಿಲ್ಲ. ಅದನ್ನು ಬೇರೆಯಾಗಿಯೇ ಬರೆದಿಡಬೇಕು. ದೊಡ್ಡ ಪಂದ್ಯಾವಳಿಗಳಲ್ಲಿ ಅದಕ್ಕೆಂದೇ ಜನರಿರುತ್ತಾರೆ, ಕಾಲೇಜು ಮೈದಾನದಲ್ಲಿ ಬರೆಯುವವರು ಯಾರು? ಪಂದ್ಯ ಮುಗಿದಾಗ ಇಪ್ಪತ್ತು ಅಂಕ ಗಳಿಸಿದವಳ ಹೆಸರು ಹಾಳೆಯ ಮೇಲಿರುತ್ತದೆ. ಆಕೆಗೆ ಇಪ್ಪತ್ತು ಸಲ ಚೆಂಡನ್ನು ಸಂಪಾದಿಸಿ ಕೊಟ್ಟವಳ ಶ್ರಮ ಎಲ್ಲಿಯೂ ಇರುವುದಿಲ್ಲ.

ಅಮೆರಿಕದ ಅನೇಕ ಕಾಲೇಜು ತರಬೇತುದಾರರು ಇದಕ್ಕೆ ಸರಳ ಉಪಾಯ ಕಂಡುಕೊಂಡಿದ್ದಾರೆ. ತಾವೇ ಒಂದು ಶ್ರಮದ ಪಟ್ಟಿ ಇಡುತ್ತಾರೆ. ಯಾರು ಎಷ್ಟು ಸಲ ಎದುರಾಳಿಗೆ ಅಡ್ಡ ನಿಂತರು, ಉರುಳುವ ಚೆಂಡಿಗಾಗಿ ಯಾರು ನೆಲಕ್ಕೆ ಬಿದ್ದರು ಎಂದು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಇದಕ್ಕೆ ಯಂತ್ರ ಬೇಕಿಲ್ಲ, ಹಣ ಬೇಕಿಲ್ಲ. ಬೆಂಚಿನಲ್ಲಿ ಕುಳಿತ ಆಟಗಾರನ ಕೈಗೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಕೊಟ್ಟರೆ ಸಾಕು. ದೈಹಿಕ ಶಿಕ್ಷಣದ ಅಧ್ಯಾಪಕರು ಮರುದಿನ ಆ ಪಟ್ಟಿಯನ್ನು ಎಲ್ಲರ ಮುಂದೆ ಓದಿ ಹೇಳಲಿ. ಯಾರ ಹೆಸರೂ ಕೇಳಿಬರದಿದ್ದ ಹುಡುಗನೊಬ್ಬನ ಹೆಸರು ಮೊದಲು ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಕುಳಿತು ಬರೆದವನಿಗೂ ಆಟ ನೋಡುವ ಕಣ್ಣು ತೆರೆದಿರುತ್ತದೆ.

‘ನಮ್ಮವರಿಗೆ ಎತ್ತರ ಸಾಲದು’ ಎಂಬ ಮಾತನ್ನು ನಾವು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇವೆ. ಎತ್ತರ ನಮ್ಮ ಕೈಯಲ್ಲಿಲ್ಲ ನಿಜ. ಎದುರಾಳಿಗೆ ಅಡ್ಡ ನಿಲ್ಲುವುದು ನಮ್ಮ ಕೈಯಲ್ಲಿದೆ.

ಮುಂದಿನ ಸಲ ನೀವು ಬಾಸ್ಕೆಟ್‌ಬಾಲ್ ಪಂದ್ಯ ನೋಡುವಾಗ ಒಂದು ಪ್ರಯೋಗ ಮಾಡಿ. ಚೆಂಡು ಎಸೆದ ಕೂಡಲೇ ಅದನ್ನು ನೋಡಬೇಡಿ. ದೃಷ್ಟಿಯನ್ನು ಕೆಳಗಿಳಿಸಿ, ಬುಟ್ಟಿಯ ಸುತ್ತ ನಿಂತವರ ಕಾಲುಗಳನ್ನು ನೋಡಿ. ತಪ್ಪಿದ ಚೆಂಡು ಯಾರದಾಗುತ್ತದೆಂಬುದು, ಅದು ಕೆಳಗೆ ಬರುವ ಮೊದಲೇ ನಿಮಗೆ ತಿಳಿದಿರುತ್ತದೆ.