ಮನೆಯೊಳಗೊಂದು ಬೊಗಸೆ ಕಡಲು



ಹಾಲಿಗೆ ಹೆಪ್ಪು ಹಾಕಿ, ಅರ್ಧ ಗಂಟೆಯೊಳಗೆ ಮೊಸರು ಬಡಿಸಿಕೊಳ್ಳಲು ಕುಳಿತ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವಾದರೆ, ಈಗ ನಿಮ್ಮೊಡನೆ ಮಾತನಾಡುತ್ತಿರುವವನೇ ಆ ಮನುಷ್ಯ. ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಡುವ ನನಗೆ ಕಡಲಿನ ಸಹವಾಸ ಅಂಟಿದ್ದು ಹೀಗೆ: ನಮ್ಮ ಅಳಿಯಂದಿರು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಅಲ್ಲಿ ನೀರೊಳಗೆ ತೆಗೆದ ಚಿತ್ರಗಳನ್ನು ತಂದು ತೋರಿಸಿದರು. ಆರು ವರ್ಷದ ಮೊಮ್ಮಗ, “ಅಜ್ಜ, ಇದು ನಮ್ಮ ಮನೆಗೂ ಬೇಕು” ಎಂದು ಹಟ ಹಿಡಿದ. ಮೊಮ್ಮಗನಿಗಿಂತ ಅಜ್ಜನಿಗೇ ಆತುರ ಹೆಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಎರಡಡಿ ಉದ್ದದ ಗಾಜಿನ ತೊಟ್ಟಿ ಬಂತು. ನೂರು ಲೀಟರು ಉಪ್ಪುನೀರು ನೂರು ಕಿಲೋಗ್ರಾಮಿಗಿಂತ ತುಸು ಹೆಚ್ಚೇ ತೂಗುತ್ತದೆ. ಆದುದರಿಂದ ರೇಡಿಯೋ ಇಡುವ ಮೇಜನ್ನು ನೆಚ್ಚಬೇಡಿ, ಗಟ್ಟಿಯಾದ ಪೀಠವನ್ನೇ ಮಾಡಿಸಿ. ತೊಟ್ಟಿ ಮಾರಿದವರು, “ಇಂದು ಉಪ್ಪು ಕಲಸಿ, ನಾಳೆ ಮೀನು ಬಿಡಿ” ಎಂದರು. ಬಿಟ್ಟೆವು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು. ಇಂಗ್ಲಿಷಿನವರು ಇದನ್ನು ಕ್ಲೌನ್ ಫಿಶ್ ಎನ್ನುತ್ತಾರೆ. ಯಕ್ಷಗಾನ ಕಂಡ ನಾನು ಕೋಡಂಗಿ ಮೀನು ಎನ್ನುತ್ತೇನೆ. ಹುಡುಗ ಲವ, ಕುಶ ಎಂದು ಹೆಸರಿಟ್ಟ. ನಾಲ್ಕನೆಯ ದಿನ ಲವ ಹೋದ, ಆರನೆಯ ದಿನ ಕುಶ. “ನೀರು ಅಷ್ಟು ತಿಳಿಯಾಗಿತ್ತಲ್ಲ, ಅಜ್ಜ?” ಎಂದು ಕೇಳಿದ ಮಗುವಿಗೆ ಉತ್ತರ ಹೇಳಲು ನನಗೆ ತಿಳಿಯಲಿಲ್ಲ.

ಆ ಉತ್ತರವನ್ನು ಆಮೇಲೆ ಕಲಿತೆ. ತಿಳಿಯಾದ ನೀರೆಲ್ಲ ಬಾಳತಕ್ಕ ನೀರಲ್ಲ. ಮೀನಿನ ಹೊಲಸಿನಿಂದಲೂ ಅದು ತಿನ್ನದೆ ಬಿಟ್ಟ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಕಿವಿರುಗಳನ್ನು ಸುಡುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಆಗಿ ಮಾಡುತ್ತದೆ. ಇದು ಮೀನಿಗೆ ಅಷ್ಟು ಕೇಡಲ್ಲ, ಕಾಲಕಾಲಕ್ಕೆ ನೀರು ಬದಲಿಸಿ ಕಳೆಯಬಹುದು. ಈ ಎರಡು ಬಗೆಯ ಜೀವಿಗಳೂ ಕಲ್ಲಿನ ಮೇಲೆ, ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಇದೇ ನಮ್ಮ ಹೆಪ್ಪು. ನಾನು ಹೆಪ್ಪು ಕಟ್ಟುವ ಮುನ್ನ ಮೀನನ್ನು ಬಿಟ್ಟಿದ್ದೆ. ಪರೀಕ್ಷೆಯ ದ್ರವದ ಕೆಲವು ಹನಿಗಳನ್ನು ತೊಟ್ಟಿಯ ನೀರಿಗೆ ಹಾಕಿ ನೋಡಿದಾಗ, ಹಳದಿಯಾಗಿ ಉಳಿಯಬೇಕಾದದ್ದು ಕಡು ಹಸಿರಾಯಿತು. ಆ ಪರೀಕ್ಷೆಯ ಪೆಟ್ಟಿಗೆಯನ್ನು ತಂದದ್ದು ಕುಶ ಸತ್ತ ಮಾರನೆಯ ದಿನ!

ಎರಡನೆಯ ಸಲ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕಾದೆವು. ಅದು ಕೊಳೆತು ಅಮೋನಿಯಾ ಆಗಬೇಕು, ಬ್ಯಾಕ್ಟೀರಿಯಾ ಅದನ್ನು ಉಂಡು ಬೆಳೆಯಬೇಕು. ಹವ್ಯಾಸಿ ಮಿತ್ರರೊಬ್ಬರು ತಮ್ಮ ಹಳೆಯ ತೊಟ್ಟಿಯಿಂದ ಒಂದು ತುಂಡು ಸ್ಪಂಜು ಕೊಟ್ಟರು. ನೆರೆಮನೆಯಿಂದ ಹೆಪ್ಪು ತಂದಂತೆಯೇ! ಅಮೋನಿಯಾ ಏರಿತು, ಇಳಿಯಿತು. ಬಳಿಕ ನೈಟ್ರೈಟ್ ಏರಿ ಇಳಿಯಿತು. ಎರಡೂ ಸೊನ್ನೆಗೆ ಬಂದಾಗ ಮೂವತ್ತೆಂಟನೆಯ ದಿನ. ಬರಿಯ ಕಲ್ಲು ನೋಡಲು ಬೇಸರವಾಗಿ ನೆಂಟರು, “ಮೇಷ್ಟರೆ, ಮೀನೆಲ್ಲಿ?” ಎಂದು ನಗುತ್ತಿದ್ದರು.

ಉಪ್ಪಿನ ವಿಷಯ ಹೇಳಬೇಕು. ಅಡುಗೆಮನೆಯ ಉಪ್ಪು ಇಲ್ಲಿ ನಡೆಯದು. ಕಡಲಿನಲ್ಲಿ ಅದಲ್ಲದೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವೂ ಇವೆ. ಇವೆಲ್ಲ ಸೇರಿದ ಸಿದ್ಧ ಲವಣ ಅಂಗಡಿಯಲ್ಲಿ ಸಿಕ್ಕುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದರೆ ಕಡಲಿನ ನೀರಿಗೆ ಸಮ. ಅಳತೆಯ ಉಪಕರಣದಲ್ಲಿ 1.025ರ ಸುತ್ತ ತೋರಬೇಕು. ಕೊಳವೆಬಾವಿಯ ಗಡಸು ನೀರು ಬೇಡ, ಶುದ್ಧೀಕರಿಸಿದ ನೀರೇ ಆಗಬೇಕು. ಇನ್ನೊಂದು ಮಾತು. ತೊಟ್ಟಿಯ ನೀರು ಆವಿಯಾಗಿ ತಗ್ಗಿದಾಗ ಉಪ್ಪುನೀರು ತುಂಬಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ. ಸಿಹಿನೀರನ್ನೇ ಸೇರಿಸಿ. ಈ ಪಾಠವನ್ನು ಮಾತ್ರ ಯಾವ ಜೀವವನ್ನೂ ಬಲಿಗೊಡದೆ ಕಲಿತೆ.

ಹವಳವೆಂದರೇನು? ಸಂಸ್ಕೃತದ ‘ಪ್ರವಾಳ’ವೇ ಹಳಗನ್ನಡದಲ್ಲಿ ‘ಪವಳ’ವಾಗಿ, ಪಕಾರ ಹಕಾರವಾಗಿ ‘ಹವಳ’ವಾಯಿತು. ಪ್ರವಾಳವೆಂದರೆ ಚಿಗುರು ಎಂದೂ ಅರ್ಥವುಂಟು. ಗಿಡವೋ ಕಲ್ಲೋ ಎಂದು ಹಿಂದಿನವರಿಗೆ ಸಂದೇಹವಿದ್ದಿರಬೇಕು. ನಿಜದಲ್ಲಿ ಅದು ಪ್ರಾಣಿ. ಆದರೆ ಬಂಡೆ ಕಟ್ಟುವ ಹವಳ ತನ್ನ ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡು, ಅದು ಬೆಳಕಿನಿಂದ ಮಾಡುವ ಆಹಾರದಲ್ಲಿ ಪಾಲು ಪಡೆಯುತ್ತದೆ. ಸುಣ್ಣದ ಕಲ್ಲನ್ನೂ ಕಟ್ಟುತ್ತದೆ. ಹಾಗಾದರೆ ಹಿಂದಿನವರ ಸಂದೇಹ ಪೂರಾ ತಪ್ಪೇನೂ ಅಲ್ಲ ಅನ್ನಿ.

ನಗರದೊಳಗೆ ಹವಳವನ್ನು ಸಾಕಿದ ಮೊದಲಿಗರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆಯೊಬ್ಬರು. 1846ರಲ್ಲಿ ಟಾರ್ಕಿ ಎಂಬ ಕಡಲೂರಿನಲ್ಲಿ ಕಂಡ ಹವಳಗಳನ್ನು ಸ್ಪಂಜಿಗೆ ಸೂಜಿದಾರದಿಂದ ಹೊಲಿದು, ಜಾಡಿಯಲ್ಲಿಟ್ಟು ಲಂಡನ್ನಿಗೆ ಒಯ್ದರು. ನೀರಿಗೆ ಗಾಳಿ ಬೆರೆಯಲೆಂದು, ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯುವ ಕೆಲಸ ಮನೆಗೆಲಸದ ಹುಡುಗಿಯದು. ನಾವು ಕಾಫಿ ಆರಿಸುವಂತೆ, ದಿನವೂ ಅರ್ಧ ಮುಕ್ಕಾಲು ಗಂಟೆ! ಈಗ ಆ ಹುಡುಗಿಯ ಕೆಲಸವನ್ನು ವಿದ್ಯುತ್ ಪಂಪು ಮಾಡುತ್ತದೆ. ವಿದ್ಯುತ್ತು ಹೋದರೆ ಪಂಪೂ ನಿಲ್ಲುತ್ತದೆ, ನೀರಿನಲ್ಲಿ ಆಮ್ಲಜನಕ ತಗ್ಗುತ್ತದೆ. ನಮ್ಮ ಊರುಗಳ ಸ್ಥಿತಿ ನಿಮಗೆ ಗೊತ್ತೇ ಇದೆ, ಬ್ಯಾಟರಿಯಿಂದ ನಡೆಯುವ ಪುಟ್ಟ ಗಾಳಿಯಂತ್ರವೊಂದು ಇರಲಿ.

ಕಲ್ಲು ಕಟ್ಟುವ ಹವಳ ನಮ್ಮ ದೇಶದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಕಡಲಿನಿಂದ ಕೀಳುವುದೂ ಮಾರುವುದೂ ಅಪರಾಧ. ಯಾರಾದರೂ ಗುಟ್ಟಾಗಿ ಕೊಡುತ್ತೇನೆಂದರೆ ಬೇಡವೆನ್ನಿ. ನಮ್ಮ ತೊಟ್ಟಿಯಲ್ಲಿರುವುದು ಕಲ್ಲು ಕಟ್ಟದ ಅಣಬೆ ಹವಳ. ಅದೂ ಕಡಲಿನದಲ್ಲ, ಮಿತ್ರರ ತೊಟ್ಟಿಯಲ್ಲಿ ಬೆಳೆದು ಒಡೆದು ಎರಡಾದದ್ದು. ಬಂಡೆಯೂ ಸುಟ್ಟ ಮಣ್ಣಿನದು. ಮೀನನ್ನೂ ಕಡಲಿನಿಂದ ಹಿಡಿದದ್ದಲ್ಲದೆ ಸಾಕಿ ಮರಿಮಾಡಿಸಿದ್ದನ್ನೇ ಕೇಳಿ ಕೊಳ್ಳಿ. ತಮಿಳುನಾಡಿನ ಮಂಡಪಂನಲ್ಲಿ ನಮ್ಮ ವಿಜ್ಞಾನಿಗಳಿಗೆ ಆ ವಿದ್ಯೆ ಕೈಗೂಡಿದೆ.

ಅಣಬೆ ಹವಳ ಬಂದ ಎರಡು ದಿನ ಮುದುಡಿಕೊಂಡೇ ಇತ್ತು. ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ಅದಕ್ಕೆ ಕೇಳಿಸುವುದೆಂದಲ್ಲ, ನಮಗೇ ಹಾಗಾಗಿತ್ತು. ಮೂರನೆಯ ಬೆಳಗ್ಗೆ ನಾಣ್ಯದಗಲ ಅರಳಿತು. ಆಮೇಲೆ ಎರಡು ಮರಿ ಕೋಡಂಗಿ ಮೀನು ತಂದೆವು. ಈಗ ನಾಲ್ಕು ತಿಂಗಳಾಯಿತು.

ಮುಂದಿರುವುದು ಬೇಸಿಗೆ. ನೀರು 24ರಿಂದ 27 ಡಿಗ್ರಿಯೊಳಗಿರಬೇಕು; ಬಿಸಿ ಮೀರಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರಿನ ಮೇಲೆ ಬೀಸುವಂತೆ ಸಣ್ಣ ಫ್ಯಾನು ಕಟ್ಟಿದ್ದೇನೆ. ಒಂದೆರಡು ಡಿಗ್ರಿ ತಗ್ಗುತ್ತದೆ, ಸಿಹಿನೀರು ದಿನವೂ ತುಂಬಬೇಕಾಗುತ್ತದೆ. ಉಷ್ಣಮಾಪಕವನ್ನು ನೋಡಿ ಪುಸ್ತಕದಲ್ಲಿ ಬರೆದಿಡುವ ಕೆಲಸ ಮೊಮ್ಮಗನದು. ಈ ಸಲದ ಮೀನುಗಳಿಗೆ ಅವನು ಇನ್ನೂ ಹೆಸರಿಟ್ಟಿಲ್ಲ. ಏಕೆಂದು ಕೇಳಿದರೆ, “ಬೇಸಿಗೆ ದಾಟಲಿ, ಅಜ್ಜ” ಎನ್ನುತ್ತಾನೆ.